‘ಕೇವಲ’ದ ಭಾರ: ಕಡಿಮೆ ದರವನ್ನು ಒತ್ತಿ ಹೇಳುವ ಇಂಗ್ಲಿಷ್ ನುಡಿಗಟ್ಟುಗಳು ಮತ್ತು ಕನ್ನಡ ಗದ್ಯ

1. ಪ್ರಸ್ತಾವನೆ

ಗದ್ಯದ ಸತ್ತ್ವವನ್ನು ಅಳೆಯುವ ವಿಮರ್ಶೆ ಸಾಮಾನ್ಯವಾಗಿ ಕಥನ, ವರ್ಣನೆ ಮತ್ತು ತರ್ಕಗಳ ಕಡೆಗೆ ಗಮನ ಹರಿಸುತ್ತದೆ. ಅಂಕಿಅಂಶವನ್ನು ಹೇಳುವ ವಾಕ್ಯ ಅದರ ಕಣ್ಣಿಗೆ ಬೀಳುವುದು ವಿರಳ. ಸಂಖ್ಯೆಗೆ ಭಾಷೆಯ ಹಂಗಿಲ್ಲ, ಐದು ಎಂಬುದು ಎಲ್ಲ ಭಾಷೆಗಳಲ್ಲಿಯೂ ಐದೇ, ಆದ್ದರಿಂದ ಅಂಥ ವಾಕ್ಯಗಳಲ್ಲಿ ವಿಮರ್ಶೆಗೆ ಕೆಲಸವಿಲ್ಲ ಎಂಬ ನಂಬಿಕೆ ಇದರ ಹಿಂದೆ ಇರುವಂತೆ ತೋರುತ್ತದೆ. ಆದರೆ ಸಂಖ್ಯೆಯೊಂದು ವಾಕ್ಯದೊಳಗೆ ಬಂದೊಡನೆ ಅದರ ಅಕ್ಕಪಕ್ಕದಲ್ಲಿ ನಿಲ್ಲುವ ಪದಗಳು ಅದಕ್ಕೊಂದು ದಿಕ್ಕನ್ನು ಕೊಡುತ್ತವೆ. ‘ಸಾಕ್ಷರತೆ ಶೇ. 52’ ಎಂಬುದು ಮಾಹಿತಿ. ‘ಸಾಕ್ಷರತೆ ಕೇವಲ ಶೇ. 52’ ಎಂಬುದು ತೀರ್ಪು. ಮೊದಲನೆಯದನ್ನು ಗಣತಿಯ ಕೋಷ್ಟಕ ಕೊಡುತ್ತದೆ. ಎರಡನೆಯದನ್ನು ಬರೆದವನು ಕೊಡುತ್ತಾನೆ.

ಕಡಿಮೆ ಪ್ರಮಾಣವನ್ನು ಅಥವಾ ಕಡಿಮೆ ದರವನ್ನು ಒತ್ತಿ ಹೇಳುವುದಕ್ಕೆ ಇಂಗ್ಲಿಷ್ ಬರವಣಿಗೆಯಲ್ಲಿ ಒಂದು ಸಿದ್ಧ ನುಡಿಗಟ್ಟಿನ ಭಂಡಾರವೇ ಇದೆ. ‘ಆ್ಯಸ್ ಲೋ ಆ್ಯಸ್’, ‘ಓನ್ಲಿ’, ‘ಜಸ್ಟ್’, ‘ಎ ಮಿಯರ್’, ‘ನೋ ಮೋರ್ ದ್ಯಾನ್’, ‘ಬೇರ್ಲಿ’, ‘ಹಾರ್ಡ್ಲಿ’ ಮೊದಲಾದವು ಅದರಲ್ಲಿ ಸೇರುತ್ತವೆ. ಭಾರತದಲ್ಲಿ 1872ರ ಸುಮಾರಿನ ಮೊದಲ ಜನಗಣತಿಯಿಂದ ಮೊದಲ್ಗೊಂಡು ಜನನ, ಮರಣ, ಸಾಕ್ಷರತೆ, ಬಡ್ಡಿ, ಇಳುವರಿ ಇವುಗಳ ದರಗಳನ್ನು ಕುರಿತ ಸರ್ಕಾರಿ ಬರವಣಿಗೆ ಇಂಗ್ಲಿಷಿನಲ್ಲಿಯೇ ಬೆಳೆಯಿತು. 1963ರ ರಾಜಭಾಷಾ ಅಧಿನಿಯಮದ ತರುವಾಯ ಈ ಬಗೆಯ ಬರವಣಿಗೆ ಹೆಚ್ಚು ಹೆಚ್ಚಾಗಿ ಕನ್ನಡಕ್ಕೆ ಬಂದಾಗ ಅದರೊಂದಿಗೆ ಆ ನುಡಿಗಟ್ಟುಗಳ ನೆರಳೂ ಬಂದಿತು. ಪತ್ರಿಕೆ, ಜಾಹೀರಾತು, ಬ್ಯಾಂಕಿನ ಪತ್ರ, ಔಷಧಿಯ ಮಾಹಿತಿಚೀಟಿ ಇವೆಲ್ಲವುಗಳಲ್ಲಿ ಈ ನೆರಳನ್ನು ಕಾಣಬಹುದು.

ಈ ನುಡಿಗಟ್ಟುಗಳು ಇಂಗ್ಲಿಷಿನಲ್ಲಿ ನಿಜವಾಗಿ ಏನು ಮಾಡುತ್ತವೆ, ಅದೇ ಕೆಲಸಕ್ಕೆ ಕನ್ನಡ ಯಾವ ಸಾಧನಗಳನ್ನು ಇರಿಸಿಕೊಂಡಿದೆ, ಒಂದರ ಜಾಗದಲ್ಲಿ ಇನ್ನೊಂದನ್ನು ಯಾಂತ್ರಿಕವಾಗಿ ಇಟ್ಟಾಗ ಓದುಗನಿಗೆ ಆಗುವ ನಷ್ಟವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದು ಭಾಷೆಯ ಮಡಿವಂತಿಕೆಯ ಪ್ರಶ್ನೆಯಲ್ಲ, ಅರ್ಥದ ಪ್ರಶ್ನೆ.

2. ಇಂಗ್ಲಿಷಿನ ಬಗೆ

ಮೇಲೆ ಹೇಳಿದ ನುಡಿಗಟ್ಟುಗಳನ್ನು ನಿಘಂಟುಗಳು ಸಮಾನಾರ್ಥಕಗಳಂತೆ ಕಾಣಿಸಿದರೂ ಅವು ಸಮಾನಾರ್ಥಕಗಳಲ್ಲ. ಅವುಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ‘ಆ್ಯಸ್ ಲೋ ಆ್ಯಸ್’. ಇದು ಒಂದೇ ಬೆಲೆಯನ್ನು ಹೇಳುವ ನುಡಿಯಲ್ಲ. ಹಲವು ಬೆಲೆಗಳಿರುವ ಒಂದು ಹರಹನ್ನು ಇದು ಒಳಗೇ ಊಹಿಸಿಕೊಂಡು, ಅದರ ಅತ್ಯಂತ ಕೆಳಗಿನ ತುದಿಯನ್ನು ಬೆರಳಿಟ್ಟು ತೋರಿಸುತ್ತದೆ. ಸಾಕ್ಷರತೆ ‘ಆ್ಯಸ್ ಲೋ ಆ್ಯಸ್’ ಶೇ. 5 ಎಂದರೆ ಕೆಲವು ಕಡೆ ಅಥವಾ ಕೆಲವು ಕಾಲದಲ್ಲಿ ಅಷ್ಟು ಕೆಳಕ್ಕೆ ಹೋಗಿತ್ತು, ಉಳಿದೆಡೆ ಅದಕ್ಕಿಂತ ಮೇಲಿತ್ತು ಎಂದರ್ಥ. ಒಂದೇ ಬೆಲೆ ಇರುವಲ್ಲಿ ಈ ನುಡಿಯನ್ನು ಬಳಸಿದರೆ ಇಂಗ್ಲಿಷಿನಲ್ಲಿಯೂ ಅದು ಸಡಿಲ ಪ್ರಯೋಗವೇ.

ಎರಡನೆಯ ಗುಂಪು ‘ಓನ್ಲಿ’, ‘ಜಸ್ಟ್’, ‘ಎ ಮಿಯರ್’ ಎಂಬವು. ಇವು ಹರಹನ್ನು ಹೇಳುವುದಿಲ್ಲ, ನಿರೀಕ್ಷೆಯನ್ನು ಹೇಳುತ್ತವೆ. ಇಷ್ಟಿರಬೇಕಾಗಿತ್ತು, ಇಷ್ಟಿಲ್ಲ ಎಂಬುದು ಇವುಗಳ ಒಳಮಾತು. ಇವುಗಳೊಳಗೂ ತರತಮವಿದೆ. ‘ಓನ್ಲಿ’ ತಕ್ಕಮಟ್ಟಿಗೆ ತಟಸ್ಥ. ‘ಮಿಯರ್’ ಎಂಬುದರಲ್ಲಿ ತಿರಸ್ಕಾರದ ಲೇಪವಿದೆ.

ಮೂರನೆಯದು ಮಿತಿಯನ್ನು ಹೇಳುವ ಗುಂಪು. ‘ನೋ ಮೋರ್ ದ್ಯಾನ್ ಟೆನ್’ ಮತ್ತು ‘ನಾಟ್ ಮೋರ್ ದ್ಯಾನ್ ಟೆನ್’ ಇವು ನೋಡುವುದಕ್ಕೆ ಅವಳಿಗಳು. ಆದರೆ ಮೊದಲನೆಯದು ‘ಹತ್ತೇ’ ಎಂಬ ಕೊರತೆಯ ಧ್ವನಿಯನ್ನು ಹೊರಡಿಸಿದರೆ, ಎರಡನೆಯದು ‘ಹತ್ತನ್ನು ಮೀರದಷ್ಟು’ ಎಂಬ ಮೇಲ್ಮಿತಿಯನ್ನು ಮಾತ್ರ ಹೇಳುತ್ತದೆ. ಅದು ಹತ್ತೂ ಇರಬಹುದು, ಎರಡೂ ಇರಬಹುದು.

ನಾಲ್ಕನೆಯದು ನಿಷೇಧದ ಅಂಚಿನಲ್ಲಿ ನಿಲ್ಲುವ ಗುಂಪು: ‘ಬೇರ್ಲಿ’, ‘ಹಾರ್ಡ್ಲಿ’, ‘ಫ್ಯೂ’. ‘ಬೇರ್ಲಿ’ ಎಂದರೆ ಮುಟ್ಟಿದೆ, ಆದರೆ ಹೇಗೋ ಮುಟ್ಟಿದೆ. ‘ಹಾರ್ಡ್ಲಿ’ ಎಂದರೆ ಮುಟ್ಟಿದೆಯೆನ್ನುವುದೇ ಸಂದೇಹ. ‘ಫ್ಯೂ’ ಮತ್ತು ‘ಎ ಫ್ಯೂ’ ಇವುಗಳ ನಡುವಿನ ಅಂತರವಂತೂ ಒಂದು ಅಕ್ಷರದ್ದು. ಫ್ರೆಂಚ್ ಭಾಷೆಯ ಇಂಥದೇ ಜೋಡಿಯನ್ನು ಆಧಾರವಾಗಿಟ್ಟುಕೊಂಡು ಓಸ್ವಾಲ್ಡ್ ಡ್ಯುಕ್ರೊ ಮತ್ತು ಝಾನ್ ಕ್ಲೋಡ್ ಆಂಸ್ಕೋಂಬ್ರ್ ಎಂಬ ವಿದ್ವಾಂಸರು, ಪರಿಮಾಣವಾಚಿಗಳು ಪರಿಮಾಣವನ್ನಷ್ಟೇ ಸೂಚಿಸದೆ ವಾದದ ದಿಕ್ಕನ್ನೂ ಸೂಚಿಸುತ್ತವೆ ಎಂದು 1983ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಬ್ರಿಟನ್ನಿನ ಲಿಂಡಾ ಮಾಕ್ಸೀ ಮತ್ತು ಆ್ಯಂಟನಿ ಸ್ಯಾನ್‌ಫರ್ಡ್ ಇದನ್ನು ಪ್ರಯೋಗಗಳ ಮೂಲಕ ಪರೀಕ್ಷಿಸಿದರು. ‘ಎ ಫ್ಯೂ’ ಎಂದು ಓದಿದವರ ಮನಸ್ಸು ಬಂದವರ ಕಡೆಗೆ ಹೋದರೆ, ‘ಫ್ಯೂ’ ಎಂದು ಓದಿದವರ ಮನಸ್ಸು ಬಾರದೆ ಹೋದವರ ಕಡೆಗೆ, ಅವರೇಕೆ ಬರಲಿಲ್ಲ ಎಂಬ ಕಾರಣದ ಕಡೆಗೆ ವಾಲುತ್ತದೆ ಎಂಬುದು ಅವರ ಶೋಧನೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಡಿಮೆ ದರವನ್ನು ಒತ್ತಿ ಹೇಳುವ ವಾಕ್ಯದಲ್ಲಿ ಮೂರು ಅಂಗಗಳಿವೆ: ಸಂಖ್ಯೆ, ಆ ಸಂಖ್ಯೆಯನ್ನು ಕಡಿಮೆಯೆನಿಸುವ ಮಾನದಂಡ, ಮತ್ತು ಓದುಗನನ್ನು ಕೊಂಡೊಯ್ಯುವ ದಿಕ್ಕು. ಇಂಗ್ಲಿಷ್ ನುಡಿಗಟ್ಟು ಈ ಮೂರರಲ್ಲಿ ಕೊನೆಯ ಎರಡನ್ನು ಸಂಖ್ಯೆಯ ಹಿಂದೆಯೇ ಒಂದೆರಡು ಪದಗಳಲ್ಲಿ ಅಡಕಮಾಡಿಬಿಡುತ್ತದೆ. ಅದರ ಸೌಲಭ್ಯವೂ ಇದೇ, ಅಪಾಯವೂ ಇದೇ.

3. ಕನ್ನಡದ ಬಗೆ

ಕನ್ನಡದಲ್ಲಿ ದರವನ್ನು ಹೇಳುವ ಪದ್ಧತಿ ಹೊಸದೇನೂ ಅಲ್ಲ. ದೇವಾಲಯಕ್ಕೆ ಗದ್ಯಾಣಗಳನ್ನು ಕೊಟ್ಟು ಅದರ ಬಡ್ಡಿಯಿಂದ ದೀವಿಗೆ ನಡೆಸುವಂತೆ ಕಟ್ಟುಮಾಡಿದ ಶಾಸನಗಳಿವೆ. 12ನೆಯ ಶತಮಾನದ ರಾಜಾದಿತ್ಯ ತನ್ನ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಈ ಪರಂಪರೆಯಲ್ಲಿ ದರದ ಮೂಲ ರಚನೆ ‘ಇಷ್ಟಕ್ಕೆ ಇಷ್ಟು’ ಎಂಬುದು. ‘ನೂರಕ್ಕೆ ಐದು’ ಎಂದಾಗ ಚತುರ್ಥೀ ವಿಭಕ್ತಿಯ ಮೂಲಕ ಇಡಿಯೂ ಕಣ್ಣ ಮುಂದಿರುತ್ತದೆ, ಬಿಡಿಯೂ ಕಣ್ಣ ಮುಂದಿರುತ್ತದೆ. ‘ಶೇ. 5’ ಎಂಬ ಸಂಕ್ಷೇಪದಲ್ಲಿ ಇಡಿ ಮರೆಯಾಗಿ ಬಿಡಿ ಮಾತ್ರ ಉಳಿಯುತ್ತದೆ.

ಇನ್ನು ಒತ್ತಿನ ವಿಷಯ. ಕನ್ನಡ ತನ್ನ ಒತ್ತನ್ನು ಸಂಖ್ಯೆಯ ಹಿಂದೆ ಇಡುವುದಕ್ಕಿಂತ ಸಂಖ್ಯೆಯ ಮೈಮೇಲೆ ಅಥವಾ ವಾಕ್ಯದ ಕೊನೆಯಲ್ಲಿ ಇಡಲು ಬಯಸುತ್ತದೆ. ಅವಧಾರಣಾರ್ಥಕವೆಂದು ಶಾಲಾ ವ್ಯಾಕರಣಗಳು ಕರೆಯುವ ‘ಏ’ ಇದಕ್ಕೆ ಮೊದಲ ಸಾಧನ. ‘ಬಂದವರು ಐದೇ ಜನ’ ಎಂದರೆ ಸಾಕು. ಅದಕ್ಕೆ ‘ಕೇವಲ’ದ ಊರುಗೋಲು ಬೇಕಿಲ್ಲ. ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಪ್ರಕಟಿಸಿದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಗ್ರಂಥದ ಹೆಸರಿನಲ್ಲಿಯೇ ಈ ‘ಏ’ಕಾರದ ಬಲವನ್ನು ನೋಡಬಹುದು. ಆ ಒಂದು ಸ್ವರವನ್ನು ತೆಗೆದರೆ ಹೆಸರಿನ ವಾದವೇ ಕುಸಿಯುತ್ತದೆ.

ಎರಡನೆಯ ಸಾಧನ ‘ಊ’ ಮತ್ತು ನಿಷೇಧಗಳ ಜೋಡಿ. ‘ನೂರಕ್ಕೆ ಹತ್ತೂ ಇಲ್ಲ’, ‘ಅರ್ಧವನ್ನೂ ಮುಟ್ಟಲಿಲ್ಲ’, ‘ಶೇ. 5ನ್ನೂ ದಾಟಿಲ್ಲ’ ಎಂಬ ವಾಕ್ಯಗಳಲ್ಲಿ ಕೊರತೆ ಒಂದು ವಿಶೇಷಣವಾಗಿ ಬರದೆ ಕ್ರಿಯೆಯಾಗಿಯೇ ಬರುತ್ತದೆ. ಮುಟ್ಟಬೇಕಾಗಿದ್ದ ಗೆರೆಯೊಂದಿತ್ತು, ಅದನ್ನು ಮುಟ್ಟಲಿಲ್ಲ ಎಂಬುದನ್ನು ವಾಕ್ಯವೇ ಹೇಳುತ್ತದೆ. ಇಂಗ್ಲಿಷಿನ ‘ಹಾರ್ಡ್ಲಿ’ಯನ್ನು ‘ಕಷ್ಟದಿಂದ ಶೇ. 5’ ಎಂದು ಅನುವಾದಿಸುವವರು ಕೈಯಲ್ಲಿರುವ ಈ ಸಾಧನವನ್ನು ಮರೆತವರು.

ಮೂರನೆಯದು ವಾಕ್ಯಾಂತ್ಯದ ‘ಅಷ್ಟೇ’ ಮತ್ತು ಪದಕ್ರಮದ ವ್ಯತ್ಯಾಸ. ಕನ್ನಡದಲ್ಲಿ ‘ಎ’ ಎಂಬ ಉಪಪದವಿಲ್ಲದ ಕಾರಣ ‘ಫ್ಯೂ’ ಮತ್ತು ‘ಎ ಫ್ಯೂ’ಗಳ ಅಂತರ ನಮ್ಮಲ್ಲಿ ತೋರದು ಎನ್ನುವವರುಂಟು. ಇದು ಸರಿಯಲ್ಲ. ‘ಕೆಲವರು ಓದಬಲ್ಲರು’ ಎಂಬಲ್ಲಿ ಲಕ್ಷ್ಯ ಓದಬಲ್ಲವರ ಮೇಲಿದೆ. ‘ಓದಬಲ್ಲವರು ಕೆಲವರಷ್ಟೇ’ ಎಂಬಲ್ಲಿ ಅದು ಓದಲಾರದವರ ಕಡೆಗೆ ತಿರುಗುತ್ತದೆ. ಸಂಖ್ಯೆಯನ್ನು ವಾಕ್ಯದ ಕೊನೆಗೆ ತಂದು ಆಖ್ಯಾತದ ಸ್ಥಾನದಲ್ಲಿ ಕೂರಿಸುವುದೇ ಇದರ ಗುಟ್ಟು.

ನಾಲ್ಕನೆಯದು ಹೋಲಿಕೆಯ ನುಡಿಗಳು. ಬೆರಳೆಣಿಕೆಯಷ್ಟು, ಎಳ್ಳಷ್ಟು, ಹಿಡಿಯಷ್ಟು, ಪುಡಿಗಾಸು ಎಂಬವು ಪರಿಮಾಣವನ್ನು ಕೈಗೆ, ಕಣ್ಣಿಗೆ ಸಿಗುವಂತೆ ಮಾಡುತ್ತವೆ. ‘ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂಬ ಗಾದೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದು ಅರೆಕಾಸು ಕಡಿಮೆಯೆಂದು ಬರಿದೇ ಹೇಳುವುದಿಲ್ಲ. ಯಾವುದಕ್ಕೆ ಕಡಿಮೆ ಎಂಬುದನ್ನು ಮೊದಲು ಹೇಳುತ್ತದೆ. ಮಾನದಂಡವನ್ನು ಬಚ್ಚಿಡದ ಒತ್ತು ಇದು.

ಇವುಗಳ ನಡುವೆ ‘ಕೇವಲ’ ಮತ್ತು ‘ಮಾತ್ರ’ ಎಂಬ ಸಂಸ್ಕೃತ ಪದಗಳ ಸ್ಥಾನ ವಿಚಾರಾರ್ಹವಾಗಿದೆ. ‘ಮಾತ್ರ’ ಎಂಬುದರ ಮೂಲ ಅಳತೆ. ‘ಕೇವಲ’ ಎಂಬುದರ ಮೂಲಾರ್ಥ ಒಂಟಿಯಾದದ್ದು, ಬೇರೇನೂ ಬೆರೆಯದ್ದು, ಪರಿಪೂರ್ಣವಾದದ್ದು. ಜೈನರ ‘ಕೇವಲಜ್ಞಾನ’ದಲ್ಲಿ ಅದು ಅರಿವಿನ ಪರಮಾವಧಿ. ಅದೇ ಪದ ‘ಕೇವಲವಾಗಿ ಕಾಣು’ ಎಂಬಲ್ಲಿ ತುಚ್ಛತೆಯ ವಾಚಕವಾಗಿದೆ. ಬೇರೇನೂ ಇಲ್ಲದ್ದು ಎಂಬ ಭಾವವೇ ಒಂದು ಕಡೆ ಪೂರ್ಣತೆಯಾಗಿ, ಇನ್ನೊಂದು ಕಡೆ ಕೊರತೆಯಾಗಿ ಕವಲೊಡೆದಿದೆ. ‘ಮಾತ್ರ’ದ ಸ್ಥಿತಿಯೂ ಇಂಥದೇ. ಚೆಕ್ಕು ಹಾಗೂ ರಸೀತಿಗಳಲ್ಲಿ ‘ಐದು ಸಾವಿರ ರೂಪಾಯಿಗಳು ಮಾತ್ರ’ ಎಂದು ಬರೆಯುವಾಗ ಆ ಮೊತ್ತ ಅಲ್ಪವೆಂದು ಯಾರೂ ಹೇಳುತ್ತಿಲ್ಲ. ಮುಂದೆ ಮತ್ತೊಂದು ಅಂಕಿ ಸೇರದಂತೆ ಬಾಗಿಲು ಮುಚ್ಚುತ್ತಿದ್ದಾರೆ. ಹೀಗೆ ಒಂದೇ ಪದ ಒಂದು ಕಡೆ ಮುಚ್ಚುವ ಕೆಲಸವನ್ನೂ ಇನ್ನೊಂದು ಕಡೆ ತಗ್ಗಿಸುವ ಕೆಲಸವನ್ನೂ ಮಾಡುತ್ತದೆ. ಯಾವುದು ಎಲ್ಲಿ ಎಂಬುದನ್ನು ಸಂದರ್ಭವೇ ನಿರ್ಣಯಿಸಬೇಕು.

4. ಅನುವಾದದಲ್ಲಿ ಆಗುವ ಪಲ್ಲಟ

ಈ ಹಿನ್ನೆಲೆಯಲ್ಲಿ ‘ಆ್ಯಸ್ ಲೋ ಆ್ಯಸ್ ಫೈವ್ ಪರ್ಸೆಂಟ್’ ಎಂಬುದಕ್ಕೆ ಪದಕ್ಕೆ ಪದವಿಟ್ಟು ‘ಶೇ. 5ರಷ್ಟು ಕಡಿಮೆ’ ಎಂದು ಬರೆಯುವ ರೂಢಿಯನ್ನು ಪರೀಕ್ಷಿಸಬೇಕು. ‘ಅಷ್ಟು’ ಎಂಬುದು ಪರಿಮಾಣವಾಚಿ. ‘ಶೇ. 5ರಷ್ಟಿದೆ’ ಎಂದರೆ ಇರುವುದೇ ಐದು. ಆದರೆ ‘ಕಡಿಮೆ’, ‘ಹೆಚ್ಚು’, ‘ಇಳಿ’, ‘ಏರು’ ಎಂಬ ಪದಗಳ ಹಿಂದೆ ನಿಂತಾಗ ‘ಅಷ್ಟು’ ವ್ಯತ್ಯಾಸವನ್ನು ಅಳೆಯುತ್ತದೆ. ‘ಈ ವರ್ಷ ಮಳೆ ಶೇ. 5ರಷ್ಟು ಕಡಿಮೆ’ ಎಂದರೆ ವಾಡಿಕೆಗಿಂತ ನೂರರಲ್ಲಿ ಐದು ಪಾಲು ಕೊರತೆ ಎಂದು ಕನ್ನಡಿಗರೆಲ್ಲರೂ ತಿಳಿಯುತ್ತಾರೆ. ಬಿದ್ದ ಮಳೆಯೇ ಶೇ. 5 ಎಂದು ಯಾರೂ ತಿಳಿಯುವುದಿಲ್ಲ. ಹಾಗಿರುವಾಗ ‘ಸಾಕ್ಷರತೆ ಶೇ. 5ರಷ್ಟು ಕಡಿಮೆ’ ಎಂಬ ವಾಕ್ಯ ಘೋರವಾದ ಕೊರತೆಯನ್ನು ಹೇಳಹೊರಟು, ತೊಂಬತ್ತೈದು ಪಾಲು ನೆಟ್ಟಗಿದೆ ಎಂಬ ಸಮಾಧಾನವನ್ನು ಕೊಟ್ಟುಬಿಡುತ್ತದೆ. ಒತ್ತು ದುರ್ಬಲವಾಯಿತೆಂಬುದು ಇಲ್ಲಿನ ತೊಂದರೆಯಲ್ಲ; ಅರ್ಥವೇ ತಲೆಕೆಳಗಾಗಿದೆ.

ಒಂದು ನಿಜವಾದ ಅಂಕಿಯನ್ನು ತೆಗೆದುಕೊಳ್ಳೋಣ. 2001ರ ಜನಗಣತಿಯಂತೆ ಪಂಜಾಬಿನಲ್ಲಿ ಆರು ವರ್ಷದವರೆಗಿನ ಪ್ರತಿ ಸಾವಿರ ಗಂಡುಮಕ್ಕಳಿಗೆ 798 ಹೆಣ್ಣುಮಕ್ಕಳಿದ್ದರು. ಇದನ್ನು ‘ಹೆಣ್ಣುಮಕ್ಕಳ ಸಂಖ್ಯೆ 798ರಷ್ಟು ಕಡಿಮೆ’ ಎಂದು ಬರೆದರೆ ಓದುಗ ಲೆಕ್ಕ ಹಾಕುವುದು 202 ಎಂದು. ‘ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಎಂಟುನೂರೂ ಇರಲಿಲ್ಲ’ ಎಂದರೆ ಅಂಕಿಯೂ ಉಳಿಯುತ್ತದೆ, ಅದರ ಆಘಾತವೂ ಉಳಿಯುತ್ತದೆ.

ಎರಡನೆಯ ಪಲ್ಲಟ ‘ಕ್ಕೆ’ ಮತ್ತು ‘ರಷ್ಟು’ಗಳ ಗೊಂದಲ. 2020ರ ಮೇ ತಿಂಗಳಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 4.40ರಿಂದ ಶೇ. 4ಕ್ಕೆ ಇಳಿಸಿತು. ‘ಶೇ. 4ಕ್ಕೆ ಇಳಿಯಿತು’ ಎಂಬುದು ಸತ್ಯ. ‘ಶೇ. 4ರಷ್ಟು ಇಳಿಯಿತು’ ಎಂಬುದು ಸುಳ್ಳು. ಇಳಿದದ್ದು 0.40 ಶೇಕಡಾ ಅಂಶ. ಹಿಂದಿನ ದರಕ್ಕೆ ಹೋಲಿಸಿ ಹೇಳುವುದಾದರೆ ಸುಮಾರು ಶೇ. 9. ಒಂದೇ ಘಟನೆಯನ್ನು 4, 0.40, 9 ಎಂಬ ಮೂರು ಅಂಕಿಗಳಿಂದ ಹೇಳಬಹುದಾದಾಗ ಯಾವುದು ನೆಲೆ, ಯಾವುದು ಅಂತರ ಎಂಬುದನ್ನು ತಿಳಿಸುವ ಹೊಣೆ ಒಂದು ವಿಭಕ್ತಿಪ್ರತ್ಯಯದ ಮೇಲೆ ಬೀಳುತ್ತದೆ. ಪ್ರತ್ಯಯವನ್ನು ಅಲಕ್ಷಿಸುವ ಗದ್ಯ ಇಂಥಲ್ಲಿ ಅಂಕಿಯನ್ನೇ ಅಲಕ್ಷಿಸಿದಂತೆ.

ಮೂರನೆಯದು ‘ಕೇವಲ’ದ ಅತಿಬಳಕೆ. ‘ಓನ್ಲಿ’, ‘ಜಸ್ಟ್’, ‘ಮಿಯರ್’, ‘ನೋ ಮೋರ್ ದ್ಯಾನ್’, ‘ಬೇರ್ಲಿ’ ಇವೆಲ್ಲಕ್ಕೂ ಕನ್ನಡದ ಸುದ್ದಿಗದ್ಯ ಒಂದೇ ‘ಕೇವಲ’ವನ್ನು ಒಪ್ಪಿಸಿದೆ. ಬೆಲೆ ಇಳಿದ ಸೀರೆಗೂ ‘ಕೇವಲ’, ಜಲಾಶಯದಲ್ಲಿ ಉಳಿದ ನೀರಿಗೂ ‘ಕೇವಲ’. ಮೊದಲನೆಯದು ಸಂತೋಷಪಡಬೇಕಾದ ಕಡಿಮೆ, ಎರಡನೆಯದು ಆತಂಕಪಡಬೇಕಾದ ಕಡಿಮೆ. ‘ಕೇವಲ ಐದೇ ಜನ ಮಾತ್ರ’ ಎಂಬಂಥ ಪ್ರಯೋಗದಲ್ಲಿ ಒಂದೇ ಒತ್ತು ಮೂರು ಸಲ ಬಂದಿದೆ. ಒಂದು ಪದದ ಮೇಲಿನ ನಂಬಿಕೆ ಕುಸಿದಾಗ ಬರೆಯುವವನು ಮತ್ತೊಂದನ್ನು ಸೇರಿಸುತ್ತಾನೆ. ಆದರೆ ಕೂಗಿ ಕೂಗಿ ಹೇಳಿದ ಮಾತು ಕಿವಿಗೆ ರೂಢಿಯಾಗುತ್ತದೆಯೇ ಹೊರತು ಮನಸ್ಸಿಗೆ ನಾಟುವುದಿಲ್ಲ.

5. ಮಾನದಂಡದ ಪ್ರಶ್ನೆ

ಸಂಖ್ಯೆ ತಾನಾಗಿ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ದಕ್ಷಿಣ ಕನ್ನಡದ್ದು ಶೇ. 88.57, ರಾಜ್ಯದ ಒಟ್ಟು ಪ್ರಮಾಣ ಶೇ. 75.36. ಯಾದಗಿರಿಯ ಅಂಕಿಗೆ ‘ಕೇವಲ’ವನ್ನು ಸೇರಿಸುವಾಗ ಬರೆಯುವವನ ಕಣ್ಣು ರಾಜ್ಯದ ಸರಾಸರಿಯ ಮೇಲಿರುತ್ತದೆ. ಆದರೆ 1951ರಲ್ಲಿ ಇಡೀ ಭಾರತದ ಸಾಕ್ಷರತೆ ಶೇ. 18.33, ಮಹಿಳೆಯರದ್ದು ಶೇ. 8.86. ಆ ಕಾಲದ ಅಳತೆಗೋಲಿನಿಂದ ನೋಡಿದರೆ ಯಾದಗಿರಿಯ ಅಂಕಿ ಎತ್ತರದ್ದೇ. ಅದು ಸಾಲದೆಂಬಂತೆ 1951ರ ಗಣತಿ ಐದು ವರ್ಷ ಮೇಲ್ಪಟ್ಟವರನ್ನು ಲೆಕ್ಕಕ್ಕೆ ಹಿಡಿದಿದ್ದರೆ, ಇತ್ತೀಚಿನ ಗಣತಿಗಳು ಏಳು ವರ್ಷ ಮೇಲ್ಪಟ್ಟವರನ್ನು ಹಿಡಿಯುತ್ತವೆ; ಅಂದರೆ ‘ನೂರಕ್ಕೆ’ ಎನ್ನುವ ಆ ನೂರೇ ಬೇರೆ ಬೇರೆ.

ಹಾಗಾದರೆ ಯಾದಗಿರಿಯ ದರವನ್ನು ಕಡಿಮೆಯೆನ್ನಬಾರದೇ? ಖಂಡಿತ ಎನ್ನಬೇಕು. ಎನ್ನುವಾಗ ಯಾವುದಕ್ಕಿಂತ ಎಂಬುದನ್ನು ಹೇಳಬೇಕು. ‘ಕೇವಲ’ ಎಂಬ ಒಂದು ಪದದಲ್ಲಿ ಅಡಗಿದ ಮಾನದಂಡವನ್ನು ಓದುಗ ತನಗೆ ತೋಚಿದಂತೆ ತುಂಬಿಕೊಳ್ಳುತ್ತಾನೆ. ಒಬ್ಬನಿಗೆ ಅದು ಸರ್ಕಾರದ ವೈಫಲ್ಯ, ಇನ್ನೊಬ್ಬನಿಗೆ ಆ ಸೀಮೆಯ ಜನರ ಅವಗುಣ. ಹಿಂದುಳಿದ ಪ್ರದೇಶಗಳನ್ನು ಕುರಿತ ಬರಹಗಳಲ್ಲಿ ಈ ಎರಡನೆಯ ಓದು ಎಷ್ಟು ಸುಲಭವಾಗಿ ನುಸುಳುತ್ತದೆ ಎಂಬುದನ್ನು ಬಲ್ಲವರು, ತಗ್ಗಿಸುವ ಪದವನ್ನು ಅಂಕಿಗೆ ಅಂಟಿಸುವ ಮೊದಲು ಎರಡು ಸಲ ಯೋಚಿಸಬೇಕಾಗುತ್ತದೆ. ‘ರಾಜ್ಯದಲ್ಲಿ ನಾಲ್ವರಲ್ಲಿ ಮೂವರು ಓದಬಲ್ಲರು, ಯಾದಗಿರಿಯಲ್ಲಿ ಇಬ್ಬರೇ’ ಎಂಬ ವಾಕ್ಯದಲ್ಲಿ ‘ಏ’ ತನ್ನ ಮಾನದಂಡವನ್ನು ಜೊತೆಯಲ್ಲಿಯೇ ಕರೆದುಕೊಂಡು ಬಂದಿದೆ.

6. ಒತ್ತು ತಪ್ಪಿದಾಗ

ಇದೆಲ್ಲವೂ ಶೈಲಿಯ ಸೂಕ್ಷ್ಮಗಳಷ್ಟೇ ಎಂದು ತೋರಬಹುದು. ಎರಡು ಕ್ಷೇತ್ರಗಳ ನಿದರ್ಶನಗಳು ಹಾಗಲ್ಲವೆಂಬುದನ್ನು ತೋರಿಸುತ್ತವೆ.

ಮೊದಲನೆಯದು ವೈದ್ಯಕೀಯ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆ ಎಂದು ಎಚ್ಚರಿಕೆ ನೀಡಿತು. ‘ಇಮ್ಮಡಿ’ ಎಂಬುದು ನಿಜವೇ. ಆದರೆ ಆ ಅಪಾಯ ಸುಮಾರು ಏಳು ಸಾವಿರಕ್ಕೆ ಒಂದು ಇದ್ದದ್ದು ಏಳು ಸಾವಿರಕ್ಕೆ ಎರಡಾಗಿತ್ತು. ಮೂಲದರ ಎಷ್ಟು ಅಲ್ಪ ಎಂಬುದಕ್ಕೆ ಒತ್ತು ಸಿಗಲಿಲ್ಲ. ಏರಿಕೆಗೆ ಮಾತ್ರ ಸಿಕ್ಕಿತು. ಗಾಬರಿಗೊಂಡ ಅನೇಕ ಮಹಿಳೆಯರು ಮಾತ್ರೆಯನ್ನು ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 13,000 ಹೆಚ್ಚುವರಿ ಗರ್ಭಪಾತಗಳಾದವೆಂದು ಅಂದಾಜು ಮಾಡಲಾಗಿದೆ. ಕಡಿಮೆ ದರವನ್ನು ಕಡಿಮೆಯೆಂದು ಒತ್ತಿ ಹೇಳುವುದು ಎಷ್ಟೋ ವೇಳೆ ಅಲಂಕಾರವಲ್ಲ, ಕರ್ತವ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಸಂಖ್ಯೆಯ ಬದಲು ಪದವನ್ನು ಇಟ್ಟರೆ ಸಮಸ್ಯೆ ತೀರುತ್ತದೆಯೇ ಎಂದರೆ ಅದೂ ಇಲ್ಲ. ಐರೋಪ್ಯ ಒಕ್ಕೂಟದ ಮಾರ್ಗಸೂಚಿಯಲ್ಲಿ ಔಷಧಿಯ ಅಡ್ಡಪರಿಣಾಮ ‘ಕಾಮನ್’ ಎಂದರೆ ನೂರಕ್ಕೆ ಒಂದರಿಂದ ಹತ್ತರವರೆಗೆ, ‘ರೇರ್’ ಎಂದರೆ ಹತ್ತು ಸಾವಿರಕ್ಕೆ ಒಂದರಿಂದ ಹತ್ತರವರೆಗೆ ಎಂದು ನಿಗದಿಯಾಗಿದೆ. ಡಯಾನ್ ಬೆರಿ, ಪೀಟರ್ ನ್ಯಾಪ್ ಮತ್ತು ರೇನರ್ ಅವರು 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ಓದುಗರು ಇಂಥ ಪದಗಳಿಗೆ ನಿಗದಿಯಾದುದಕ್ಕಿಂತ ಬಹಳ ಹೆಚ್ಚಿನ ದರವನ್ನು ಊಹಿಸಿಕೊಳ್ಳುತ್ತಾರೆಂದು ತೋರಿಸಿತು. ಇಂಗ್ಲಿಷ್ ಮಾತೃಭಾಷೆಯಾಗಿರುವವರ ನಡುವೆಯೇ ಹೀಗಾದರೆ, ಆ ಪದಗಳನ್ನು ‘ಸಾಮಾನ್ಯ’, ‘ವಿರಳ’ ಎಂದು ಕನ್ನಡಿಸಿ ಕೈಬಿಟ್ಟರೆ ಏನಾದೀತೆಂದು ಊಹಿಸಬಹುದು. ನಮ್ಮ ಕಿವಿಗೆ ‘ಸಾಮಾನ್ಯ’ ಎಂದರೆ ಬಹುಮಟ್ಟಿಗೆ ಎಲ್ಲರಿಗೂ ಆಗುವಂಥದ್ದು. ಅಲ್ಲಿ ‘ನೂರು ಜನರಲ್ಲಿ ಹತ್ತು ಜನಕ್ಕೂ ಆಗದು’ ಎಂಬ ಕನ್ನಡದ ವಾಕ್ಯವೇ ಹೆಚ್ಚು ಪ್ರಾಮಾಣಿಕ.

ಎರಡನೆಯ ಕ್ಷೇತ್ರ ಸಾಲ. ಜಾಹೀರಾತಿನ ‘ಆ್ಯಸ್ ಲೋ ಆ್ಯಸ್’ ತನ್ನ ವ್ಯಾಕರಣದಂತೆ ಹರಹಿನ ಕೆಳತುದಿಯನ್ನು ಹೇಳುತ್ತದೆ. ಸಾಲಗಾರ ಅದನ್ನು ತನಗೆ ಸಿಗುವ ದರವೆಂದು ಓದುತ್ತಾನೆ. ನುಡಿಗಟ್ಟಿಗೂ ಓದಿಗೂ ನಡುವಿನ ಈ ಬಿರುಕನ್ನು ಕಾನೂನುಗಳೇ ಗುರುತಿಸಿವೆ. ಬ್ರಿಟನ್ನಿನ 2010ರ ನಿಯಮಗಳಂತೆ ಜಾಹೀರಾತಿನಲ್ಲಿ ತೋರಿಸುವ ‘ಪ್ರಾತಿನಿಧಿಕ’ ವಾರ್ಷಿಕ ದರವು, ಆ ಜಾಹೀರಾತಿನ ಫಲವಾಗಿ ಸಾಲ ಪಡೆಯುವವರಲ್ಲಿ ಕನಿಷ್ಠ ಶೇ. 51 ಜನರಿಗೆ ಆ ದರದಲ್ಲಿ ಅಥವಾ ಅದಕ್ಕೂ ಕೆಳಗೆ ಸಿಗಬಹುದಾದದ್ದಾಗಿರಬೇಕು. ಹಾಗಿದ್ದರೂ ಉಳಿದವರಿಗೆ ದರ ಮೇಲೆಯೇ ಇರಬಹುದು. ಭಾರತದಲ್ಲಿ ಮೊದಲ ಒಂದೆರಡು ವರ್ಷಕ್ಕಷ್ಟೇ ಅನ್ವಯಿಸುವ ಆಕರ್ಷಕ ದರದ ಗೃಹಸಾಲಗಳಿಗೆ ರಿಸರ್ವ್ ಬ್ಯಾಂಕ್ 2010ರ ನವೆಂಬರಿನಲ್ಲಿ ಬ್ಯಾಂಕುಗಳು ಹೆಚ್ಚಿನ ಮುಂಜಾಗ್ರತಾ ಮೊತ್ತ ಇರಿಸಬೇಕೆಂದು ವಿಧಿಸಿತು.

ದರ ಕಡಿಮೆ ಕಾಣುವುದು ಪದದಿಂದ ಮಾತ್ರವಲ್ಲ, ಲೆಕ್ಕದ ರೀತಿಯಿಂದಲೂ ಹೌದು. ಹತ್ತು ಸಾವಿರ ರೂಪಾಯಿಗೆ ‘ಕೇವಲ ಶೇ. 12’ ಎಂದು ಇಡೀ ವರ್ಷದ ಬಡ್ಡಿ 1,200 ರೂಪಾಯಿಯನ್ನು ಮೊದಲೇ ಅಸಲಿಗೆ ಸೇರಿಸಿ, ಹನ್ನೆರಡು ಕಂತುಗಳಲ್ಲಿ ತಿಂಗಳಿಗೆ ಸುಮಾರು 933 ರೂಪಾಯಿ ವಸೂಲು ಮಾಡಿದರೆ, ಅಸಲು ತಿಂಗಳು ತಿಂಗಳೂ ಕರಗುತ್ತ ಹೋಗುವುದರಿಂದ ನಿಜವಾದ ವಾರ್ಷಿಕ ದರ ಸುಮಾರು ಶೇ. 21.5 ಆಗುತ್ತದೆ. ಹಳ್ಳಿಯ ಲೇವಾದೇವಿಯಲ್ಲಿ ‘ನೂರಕ್ಕೆ ಎರಡು’ ಎಂದರೆ ತಿಂಗಳಿಗೆ ಎಂದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಅದೇ ‘ಶೇ. 2’ ಎಂದು ಅಚ್ಚಾದ ಹಾಳೆಯ ಮೇಲೆ ಬಂದಾಗ ವರ್ಷಕ್ಕೆ ಎಂದು ತಿಳಿಯುವವರಿದ್ದಾರೆ.

ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿ ಅದೇ ವರ್ಷದ ಅಕ್ಟೋಬರ್ 1ರಿಂದ ಅನ್ವಯಿಸಿದ ಸುತ್ತೋಲೆಯಂತೆ, ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿಸಾಲಗಳಿಗೂ ಮುಖ್ಯಾಂಶಗಳ ವಿವರಪತ್ರವನ್ನು ಕೊಡಬೇಕು; ಎಲ್ಲ ವೆಚ್ಚಗಳನ್ನು ಒಳಗೊಂಡ ವಾರ್ಷಿಕ ದರ ಅದರಲ್ಲಿರಬೇಕು; ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಪ್ರಸ್ತುತ ಪ್ರಬಂಧದ ದೃಷ್ಟಿಯಿಂದ ಈ ಕೊನೆಯ ಮಾತು ಮಹತ್ತ್ವದ್ದು. ಕನ್ನಡದ ಪ್ರತ್ಯಯವೊಂದು ಸರಿಯಾದ ಸ್ಥಳದಲ್ಲಿ ಇರುವುದು ಈಗ ಕನ್ನಡ ಸಾಲಗಾರನ ಹಕ್ಕಿನ ಭಾಗ. ಲಿಪಿ ಕನ್ನಡವಾಗಿ ವಾಕ್ಯ ಇಂಗ್ಲಿಷಿನದಾಗಿಯೇ ಉಳಿದರೆ ಆ ಹಕ್ಕು ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

7. ಎರಡು ಆಕ್ಷೇಪಗಳು

ಭಾಷೆಗಳು ಕೊಡುಕೊಳೆಯಿಂದಲೇ ಬೆಳೆಯುತ್ತವೆ, ಇಂಗ್ಲಿಷ್ ನುಡಿಗಟ್ಟು ಬಂದರೆ ಬರಲಿ ಎಂಬುದು ಮೊದಲ ಆಕ್ಷೇಪ. ಇದನ್ನು ತಾತ್ತ್ವಿಕವಾಗಿ ಒಪ್ಪಬೇಕು. ‘ಕೇವಲ’, ‘ಮಾತ್ರ’ಗಳೂ ಒಮ್ಮೆ ಹೊರಗಿನಿಂದ ಬಂದವೇ; ಕನ್ನಡ ಅವುಗಳನ್ನು ತನ್ನದಾಗಿಸಿಕೊಂಡಿತು. ಎರವಲನ್ನು ಪರೀಕ್ಷಿಸುವ ಒರೆಗಲ್ಲು ಅದರ ಹುಟ್ಟಲ್ಲ, ಅದರ ಫಲ. ‘ಶೇ. 5ರಷ್ಟು ಕಡಿಮೆ’ ಎಂಬ ಎರವಲು ಭಾಷೆಗೆ ಹೊಸ ಅರ್ಥವನ್ನು ತಂದಿಲ್ಲ. ಇದ್ದ ಅರ್ಥದ ಮೇಲೆ ಇನ್ನೊಂದನ್ನು ಹೇರಿ ಎರಡನ್ನೂ ಕೆಡಿಸಿದೆ.

ಕನ್ನಡದ ಸಾಧನಗಳೂ ಸುಳ್ಳು ಹೇಳಬಲ್ಲವು, ‘ಏ’ಕಾರದಿಂದಲೂ ಮೋಸ ಮಾಡಬಹುದು ಎಂಬುದು ಎರಡನೆಯ ಆಕ್ಷೇಪ. ಇದೂ ನಿಜ. ‘ದಿನಕ್ಕೆ ಹತ್ತೇ ರೂಪಾಯಿ’ ಎಂಬ ಮಾರಾಟಗಾರನ ಮಾತು ವರ್ಷಕ್ಕೆ 3,650 ಎಂಬುದನ್ನು ಅಚ್ಚಗನ್ನಡದಲ್ಲಿಯೇ ಮರೆಮಾಚುತ್ತದೆ. ಆದ್ದರಿಂದ ದೇಶೀಯ ರೂಪವೇ ಸತ್ಯಕ್ಕೆ ಖಾತರಿಯೆಂದು ಇಲ್ಲಿ ವಾದಿಸುತ್ತಿಲ್ಲ. ಓದುಗ ಅನುಮಾನಿಸಬೇಕಾದರೂ ಮೊದಲು ವಾಕ್ಯ ಅವನಿಗೆ ಅರ್ಥವಾಗಿರಬೇಕು. ‘ಹತ್ತೇ’ ಎಂದು ಕೇಳಿದವನು ‘ದಿನಕ್ಕೆ ತಾನೆ?’ ಎಂದು ಮರುಪ್ರಶ್ನೆ ಹಾಕಬಲ್ಲನು. ಅರ್ಥವಾಗದ ವಾಕ್ಯದ ಮುಂದೆ ಅವನು ಸುಮ್ಮನೆ ಸಹಿ ಹಾಕುತ್ತಾನೆ.

8. ಸಮಾರೋಪ

ಈವರೆಗಿನ ಚರ್ಚೆಯಿಂದ ಕೆಲವು ಸೂತ್ರಗಳನ್ನು ಹೊರತೆಗೆಯಬಹುದು. ಇಂಗ್ಲಿಷ್ ವಾಕ್ಯದಲ್ಲಿ ‘ಆ್ಯಸ್ ಲೋ ಆ್ಯಸ್’ ಬಂದಾಗ ಹರಹು ಇದೆಯೇ ಎಂದು ನೋಡಿ, ಇದ್ದರೆ ‘ಕೆಲವೆಡೆ ಶೇ. 5ಕ್ಕೂ ಇಳಿದಿದೆ’ ಎಂದೂ, ಇಲ್ಲದಿದ್ದರೆ ‘ಶೇ. 5 ಅಷ್ಟೇ’ ಎಂದೂ ಬರೆಯಬೇಕು. ನೆಲೆಯನ್ನು ‘ಕ್ಕೆ’ ಎಂಬುದರಿಂದಲೂ ಅಂತರವನ್ನು ‘ರಷ್ಟು’ ಎಂಬುದರಿಂದಲೂ ಸೂಚಿಸುವ ಭೇದವನ್ನು ತಪ್ಪದೆ ಕಾಯ್ದುಕೊಳ್ಳಬೇಕು. ಕೊರತೆಯನ್ನು ಹೇಳುವಲ್ಲಿ ‘ಊ’ ಮತ್ತು ನಿಷೇಧಗಳ ಜೋಡಿಯನ್ನು ಮೊದಲು ನೆನೆಯಬೇಕು. ‘ಕೇವಲ’ವನ್ನು ಬಳಸುವಾಗ ಅದರ ಮಾನದಂಡವನ್ನು ಅದೇ ವಾಕ್ಯದಲ್ಲಿ ಅಥವಾ ಮುಂದಿನ ವಾಕ್ಯದಲ್ಲಿ ಹೇಳಬೇಕು. ಒತ್ತು ಒಂದು ಸಲ ಸಾಕು.

ಅಂಕಿಯನ್ನು ಹೇಳುವ ಗದ್ಯ ಸಾಹಿತ್ಯದ ಅಂಗಳದ ಹೊರಗಿದೆ ಎಂಬ ಭಾವನೆಯಿಂದ ನಮ್ಮ ವ್ಯಾಕರಣ ಮತ್ತು ವಿಮರ್ಶೆಗಳು ಅದನ್ನು ಬಹುಕಾಲ ದೂರವಿಟ್ಟಿವೆ. ಕನ್ನಡ ಓದಬಲ್ಲವರಲ್ಲಿ ಕಾವ್ಯವನ್ನು ತೆರೆದು ನೋಡದವರೂ ಸಾಲದ ಪತ್ರವನ್ನು, ಔಷಧಿಯ ಚೀಟಿಯನ್ನು, ಊರಿನ ಲೆಕ್ಕವನ್ನು ಒಂದಲ್ಲ ಒಂದು ದಿನ ಓದಲೇಬೇಕಾಗುತ್ತದೆ. ಕಡಿಮೆಯನ್ನು ಕಡಿಮೆಯೆಂದು, ಯಾವುದಕ್ಕಿಂತ ಕಡಿಮೆಯೆಂದು, ಎಷ್ಟು ಕಡಿಮೆಯೆಂದು ತಪ್ಪಿಲ್ಲದೆ ಹೇಳಬಲ್ಲ ಗದ್ಯ ಅವರಿಗೆ ಸಲ್ಲಬೇಕಾದದ್ದು. ಅದಕ್ಕೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಹಿಂದಿನಿಂದಲೂ ಇದೆ. ಅದನ್ನು ಗುರುತಿಸಿ, ವಿವರಿಸಿ, ಬರೆಯುವವರ ಕೈಗೆ ಸಿಗುವಂತೆ ಮಾಡುವುದು ಮುಂದಿನ ಸಂಶೋಧಕರ ಕೆಲಸ.